ಡಬ್ಬಿಯ ಅಂಕ ನಂಬಬಹುದೇ?

ಪ್ರಶ್ನೆ: ನನ್ನ 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ‘ಎಂಎಸ್ 65’ (ಚಲಾವಣೆಯಾಗದ ನಾಣ್ಯದ ಗುಣಮಟ್ಟಕ್ಕೆ 70ರೊಳಗೆ ಕೊಡುವ ಅಂಕ) ಚೀಟಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಗ್ರೇಡ್ ಕೊಟ್ಟ ಸಂಸ್ಥೆಯ ಹೆಸರೇ ಕೇಳಿಲ್ಲ. ಡಬ್ಬಿ ಒಡೆಯಲೇ, ಹಾಗೇ ಮಾರಲೇ?

ಉತ್ತರ: ಚೀಟಿ ಮರೆತು ನಾಣ್ಯ ನೋಡಿ. 1939 ಅಪರೂಪದ ವರ್ಷ, ನಕಲಿಗಳ ಕಾಟ ಜಾಸ್ತಿ. ಹತ್ತುಪಟ್ಟು ಲೆನ್ಸ್‌ನಲ್ಲಿ ಕೊನೆಯ 9ರ ಸುತ್ತ ಕೆರೆದ ಗುರುತು, ಮೈಮೇಲೆ ಸೂಜಿರಂಧ್ರ ಇವೆಯೇ ನೋಡಿ. ಒಂದೇ ದಿಕ್ಕಿಗೆ ಸಣ್ಣ ಗೀರುಗಳಿದ್ದರೆ ಯಾರೋ ಉಜ್ಜಿದ್ದಾರೆ. ಆಗ 65 ಸುಳ್ಳು.

ಮೊದಲು ಎರಡೂ ಮುಖದ ಫೋಟೊ ತೆಗೆಯಿರಿ. ಡಬ್ಬಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ, ಇಕ್ಕಳದಿಂದ ಮೂಲೆಯನ್ನಷ್ಟೇ ಚಿವುಟಿ ಒಡೆಯಿರಿ. ನಡುವೆ ಒತ್ತಿದರೆ ಚೂರು ನಾಣ್ಯಕ್ಕೆ ಗೀಚುತ್ತದೆ. ತೂಕ ಸುಮಾರು 11.66 ಗ್ರಾಂ ಇರಬೇಕು, ಅಂಚಿನಲ್ಲಿ ಎರಕದ ಗೆರೆ ಇರಬಾರದು. ತೊಳೆಯಲೇಬೇಡಿ. ಪಿವಿಸಿ ಇಲ್ಲದ ಕವರಿನಲ್ಲಿಟ್ಟು ನಾಣ್ಯಗಳಿಗೆ ಗ್ರೇಡ್ ಕೊಡುವ ಹೆಸರಾಂತ ಸಂಸ್ಥೆಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ಗೆ ಕಳಿಸಿ. ಅನುಮಾನವಿದ್ದರೆ ಮಾರಬೇಡಿ.