ಕೇಳಿ, ಹೇಳ್ತೀವಿ: ಉರಾಕ್, ಬಿಡಿಸುವ ಪುಡಿ ಮತ್ತು ಬೆಳಗಿನ ಡ್ಯೂಟಿ

ಈ ಸಲ ಬಂದ ಪತ್ರಗಳಲ್ಲಿ ಕುಡಿತದ ಬಗ್ಗೆಯೇ ಜಾಸ್ತಿ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಗದಗ ಕಡೆಯವನು, ಗೇರು ತೋಟದಲ್ಲಿ ಕೆಲಸ. ಈಗ ಉರಾಕ್ ಸೀಸನ್. ಜೊತೆಯವರು "ಇದು ಹಣ್ಣಿನ ರಸ, ದಾರು ಅಲ್ಲ, ಬಿಸಿಲಿಗೆ ತಂಪು" ಅಂತ ಮಧ್ಯಾಹ್ನವೇ ಎರಡೆರಡು ಗ್ಲಾಸ್ ಹಾಕುತ್ತಾರೆ. ನಿಜವಾ?
– ಓದುಗ, ಸತ್ತರಿ, ಗೋವಾ

ಉತ್ತರ: ನಿಜ ಅಲ್ಲ. ಹಣ್ಣಿನ ರಸವೇ ಬೇಕಿದ್ದರೆ 'ನೀರೋ' ಎಂಬುದನ್ನು ಕುಡಿಯಿರಿ. ತುಳಿದ ಹಣ್ಣಿನ ಹಿಪ್ಪೆಯ ಮೇಲೆ ಭಾರ ಹೇರಿಟ್ಟಾಗ ರಾತ್ರಿಯೆಲ್ಲ ತೊಟ್ಟಿಕ್ಕುತ್ತದಲ್ಲ, ಆ ತಿಳಿ ರಸ. ಅದನ್ನು ತಾಜಾ ಇರುವಾಗಲೇ ಕುಡಿಯಬೇಕು.

ಉರಾಕ್ ಬೇರೆಯೇ. ತುಳಿದು ತೆಗೆದ ರಸವನ್ನು ಎರಡು ಮೂರು ದಿನ ಹುಳಿ ಬರಲು ಬಿಡುತ್ತಾರೆ, ಯೀಸ್ಟ್ ಹಾಕುವುದೂ ಬೇಡ, ತಾನಾಗಿಯೇ ನೊರೆ ಏಳುತ್ತದೆ. ಅದನ್ನು ತಾಮ್ರದ ಹಂಡೆಯಲ್ಲಿ ಕಾಯಿಸಿ, ಹಬೆಯನ್ನು ತಣಿಸಿ ಇಳಿಸಿದಾಗ ಮೊದಲು ಬರುವುದು ಉರಾಕ್. ಉರಾಕಿಗೆ ಮತ್ತೆ ಹುಳಿರಸ ಸೇರಿಸಿ ಇನ್ನೊಮ್ಮೆ ಭಟ್ಟಿ ಇಳಿಸಿದರೆ ಫೆನಿ. 2009ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಈ ಗೇರು ಫೆನಿಗೇ. ಅದನ್ನು ಮಾಡುವವರ ಕೈಗುಣದ ಬಗ್ಗೆ ನನಗೆ ತುಂಬಾ ಗೌರವ ಇದೆ, ಆದರೆ ಲೆಕ್ಕ ಲೆಕ್ಕವೇ. ಉರಾಕಿನಲ್ಲಿ ಸುಮಾರು ಶೇ 15ರಷ್ಟು ಆಲ್ಕೋಹಾಲ್ ಇರುತ್ತದೆ. 200 ಎಂಎಲ್‌ನ ಒಂದು ಗ್ಲಾಸ್ ಅಂದರೆ 30 ಎಂಎಲ್ ಶುದ್ಧ ಆಲ್ಕೋಹಾಲ್. 650 ಎಂಎಲ್‌ನ ಮಾಮೂಲಿ ಬಿಯರ್ ಬಾಟಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವುದು. ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿದಾಗ ನಾಲಿಗೆಗೆ ಅದು ಗೊತ್ತಾಗುವುದಿಲ್ಲ. ತಂಪು ಅನ್ನುವುದೂ ಸುಳ್ಳು. ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರನ್ನು ಹೊರಗೆ ಹಾಕುತ್ತದೆ. ಏಪ್ರಿಲ್ ಬಿಸಿಲಲ್ಲಿ ಕತ್ತಿ ಹಿಡಿದು ಕೆಲಸ ಮಾಡುವವರಿಗೆ ಅದು ಖಂಡಿತ ಬೇಡ.

ಪ್ರಶ್ನೆ: ನನ್ನ ಗಂಡ ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಬಹಳ ವರ್ಷದ ಕುಡಿತ, ಈಗ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಚಹಾದ ಕಪ್ ಹಿಡಿಯಲಾಗದಷ್ಟು ಕೈ ನಡುಗುತ್ತದೆ. ದೀಪಾವಳಿಗೆ ಬಾಗಲಕೋಟೆಗೆ ಹೋದಾಗ ಅತ್ತೆ ಮನೆಯಲ್ಲಿ ಹೊರಗೆ ಬಿಡದೆ ಕೂರಿಸಿದರು. ಎರಡನೇ ರಾತ್ರಿ ಮೈಯೆಲ್ಲ ಬೆವೆತು, ಗೋಡೆ ಮೇಲೆ ಹುಳ ಹರೀತಿವೆ ಅಂತ ಕಿರುಚಾಡಿದರು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಈಗ ಪಕ್ಕದ ಮನೆಯ ಅಕ್ಕ ಒಂದು ಪುಡಿ ಕೊಟ್ಟಿದ್ದಾರೆ, ಸಾರಿನಲ್ಲಿ ಗೊತ್ತಾಗದ ಹಾಗೆ ಹಾಕು, ತಾನೇ ಬಿಡ್ತಾನೆ ಅಂತಾರೆ. ಹಾಕಲಾ?
– ಒಬ್ಬ ಸಹೋದರಿ, ಬೈನಾ, ವಾಸ್ಕೊ

ಉತ್ತರ: ಹಾಕಬೇಡಿ ತಂಗಿ. ಈಗಾಗಲೇ ಹಾಕಿದ್ದರೆ ಪೊಟ್ಟಣ ಎಸೆಯದೆ ಡಾಕ್ಟರಿಗೆ ತೋರಿಸಿ.

ಹೆಸರು, ಚೀಟಿ ಏನೂ ಇಲ್ಲದ ಇಂಥ ಪುಡಿಯಲ್ಲಿ ಏನಿದೆ ಎಂದು ಮಾರಿದವನೂ ಹೇಳುವುದಿಲ್ಲ. ಡೈಸಲ್ಫಿರಾಮ್ ಇದ್ದರೂ ಇರಬಹುದು. ಅದು ನಿಜವಾದ ಔಷಧಿಯೇ, 1940ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಕುಡಿದದ್ದನ್ನು ನಮ್ಮ ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾಡುತ್ತದೆ, ಆಮೇಲೆ ಆ ವಿಷವನ್ನೂ ಒಡೆದು ಹಾಕುತ್ತದೆ. ಡೈಸಲ್ಫಿರಾಮ್ ಆ ಎರಡನೇ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಆಗ ಒಂದು ಪೆಗ್ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಈ ಭಯಕ್ಕೇ ಕುಡಿಯದೆ ಇರಲಿ ಎಂದು, ರೋಗಿಗೆ ಎಲ್ಲ ತಿಳಿಸಿ, ಅವನು ಒಪ್ಪಿದ ಮೇಲೆ ಡಾಕ್ಟರು ಇದನ್ನು ಕೊಡುವುದು. ಗೊತ್ತೇ ಇಲ್ಲದವನು ಭಯಪಡುವುದು ಹೇಗೆ? ಸಂಜೆ ಎಂದಿನಂತೆ ಬಾರಿಗೆ ಹೋಗುತ್ತಾನೆ. ಹೃದಯ ದುರ್ಬಲವಾಗಿದ್ದರೆ ಅಲ್ಲೇ ಜೀವ ಹೋಗಬಹುದು. ಮುಂದೆ ಗೊತ್ತಾದರೆ ಮನೆಯ ಊಟವನ್ನೇ ನಂಬುವುದಿಲ್ಲ, ಆ ಸಿಟ್ಟು ನಿಮ್ಮ ಮೇಲೆ.

ಇನ್ನು ಆ ರಾತ್ರಿಯ ವಿಷಯ. ಅದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ವರ್ಷಗಟ್ಟಲೆ ಆಲ್ಕೋಹಾಲ್ ಮೆದುಳನ್ನು ಮಂಕು ಮಾಡುತ್ತಾ ಬಂದರೆ, ಮೆದುಳು ಅದನ್ನು ಎದುರಿಸಲು ಸದಾ ಜಾಸ್ತಿ ಜೋರಿನಲ್ಲಿ ಕೆಲಸ ಮಾಡುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಹಠಾತ್ತನೆ ದಾರು ನಿಂತರೆ ಆ ಜೋರು ಮಾತ್ರ ಉಳಿಯುತ್ತದೆ. ಮೊದಲು ನಡುಕ, ಬೆವರು, ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್, ಎರಡು ಮೂರನೇ ದಿನಕ್ಕೆ ಹುಳ ಹುಪ್ಪಟೆ ಕಾಣುವುದು, ಯಾರು ಎಲ್ಲಿ ಎಂಬುದೇ ತಿಳಿಯದಿರುವುದು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುವವರೂ ಇದ್ದಾರೆ. ಹಾಗಾಗಿ ಕೂಡಿಹಾಕಿ ಬಿಡಿಸುವುದು ಇನ್ನೊಮ್ಮೆ ಬೇಡವೇ ಬೇಡ, ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಆಸ್ಪತ್ರೆಯಲ್ಲಾದರೆ ಕೆಲವು ದಿನ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆ, ಜೊತೆಗೆ ವಿಟಮಿನ್ ಬಿ1 ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಗೋವಾದಲ್ಲಿ ಬಾಂಬೋಳಿಯಲ್ಲಿ ಸರಕಾರದ ಮನೋವೈದ್ಯಕೀಯ ಆಸ್ಪತ್ರೆ, ಐಪಿಎಚ್‌ಬಿ, ಇದೆ. ದೀಪಾವಳಿಯ ರಾತ್ರಿ ಆದದ್ದನ್ನು ಅಲ್ಲಿ ತಪ್ಪದೆ ಹೇಳಿ, ಡಾಕ್ಟರಿಗೆ ಅದು ಬಹಳ ಮುಖ್ಯ. ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಗಂಡನನ್ನು ಒಪ್ಪಿಸುವ ಮಾತು ಬೆಳಿಗ್ಗೆ ಆಡಿ, ಕುಡಿದು ಬಂದಾಗ ಬೇಡ. "ಬಿಡ್ತೀಯಾ ಇಲ್ವಾ" ಅನ್ನುವ ಬದಲು "ಈ ಕೈ ನಡುಕಕ್ಕೆ ಔಷಧಿ ಇದೆಯಂತೆ, ತೋರಿಸೋಣ" ಅಂದರೆ ಬರುವವರು ಜಾಸ್ತಿ. ಕೈ ಎತ್ತುತ್ತಿದ್ದರೆ ಮಾತ್ರ ಕಾಯಬೇಡಿ, 181 ಮಹಿಳಾ ಸಹಾಯವಾಣಿ.

ಕುಡಿತ ಇನ್ನೂ ಈ ಮಟ್ಟಕ್ಕೆ ಹೋಗಿಲ್ಲ ಅನ್ನುವವರಿಗೂ ಒಂದು ಮಾತು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಸಂಗಾತ್ ಸಂಸ್ಥೆಯವರು ಒಂದು ಅಧ್ಯಯನ ಮಾಡಿದ್ದರು, 2017ರಲ್ಲಿ ಪ್ರಕಟವಾಯಿತು. ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ನಾಲ್ಕು ಸಲದೊಳಗೆ ಕೂತು ಮಾತಾಡಿಸಿದ ಗಂಡಸರಲ್ಲಿ ಮೂರು ತಿಂಗಳ ಮೇಲೆ ಶೇ 36 ಮಂದಿ ಹಾನಿಯ ಮಟ್ಟದ ಕುಡಿತದಿಂದ ಹೊರಬಂದಿದ್ದರು. ಆ ಮಾತುಕತೆ ಇಲ್ಲದವರಲ್ಲಿ ಅದು ಶೇ 26. ಗುಟ್ಟಾಗಿ ಏನೂ ಕೊಡದೆ, ಎದುರಿಗೆ ಕೂತು ಮಾತಾಡಿದ್ದಕ್ಕೇ ಇಷ್ಟಾಯಿತು.

ಪ್ರಶ್ನೆ: ಟ್ಯಾಕ್ಸಿ ಓಡಿಸುತ್ತೇನೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ನಾಲ್ಕು ಪೆಗ್, ಆಮೇಲೆ ನಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಏರ್‌ಪೋರ್ಟ್ ಡ್ಯೂಟಿ. ನಿಂಬೆನೀರು ಕುಡಿದು ತಣ್ಣೀರು ಸ್ನಾನ ಮಾಡಿದರೆ ಸಾಕಲ್ವಾ?
– ಓದುಗ, ಅಂಧೇರಿ, ಮುಂಬೈ

ಉತ್ತರ: ಸಾಲದು. 60 ಎಂಎಲ್ ಪೆಗ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್, ನಾಲ್ಕಕ್ಕೆ 80. ಲಿವರ್ ಕರಗಿಸುವುದು ಗಂಟೆಗೆ ಸುಮಾರು 7ರಿಂದ 10 ಗ್ರಾಂ. ನಿಂಬೆನೀರು, ಕಾಫಿ, ಸ್ನಾನ ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ನಾಲ್ಕೂವರೆಗೆ ನಿಮ್ಮ ರಕ್ತದಲ್ಲಿ ಕಾನೂನಿನ ಮಿತಿ, ಅಂದರೆ 100 ಎಂಎಲ್‌ಗೆ 30 ಮಿಲಿಗ್ರಾಂ, ಮೀರಿರುವ ಸಂಭವವೇ ಹೆಚ್ಚು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಡ್ಯೂಟಿ ಹಿಂದಿನ ರಾತ್ರಿ ಕುಡಿಯಲೇಬೇಡಿ.

ಪ್ರಶ್ನೆ: 2015ರಲ್ಲಿ ನಮ್ಮ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷ ಇದೆಯೋ ಇಲ್ಲವೋ ವಾಸನೆಯಲ್ಲಿ ಗೊತ್ತಾಗಲ್ವಾ?
– ಓದುಗ, ಮಲಾಡ್, ಮುಂಬೈ

ಉತ್ತರ: ಗೊತ್ತಾಗುವುದಿಲ್ಲ. ಇಂಥ ಕಡೆ ಜನರನ್ನು ಕೊಲ್ಲುವುದು ಕಾರ್ಖಾನೆಗೆಂದು ತಯಾರಾದ ಮೆಥನಾಲ್ ಬೆರೆಸಿದ ಸರಕು. ವಾಸನೆ, ರುಚಿ, ಅಮಲು ಎಲ್ಲ ಮಾಮೂಲಿಯಂತೆಯೇ. ಮೈಯೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಅರ್ಧ ದಿನ, ಒಂದು ದಿನ ಏನೂ ಆಗದೇ ಇರಬಹುದು, ಆಮೇಲೆ ಹೊಟ್ಟೆನೋವು, ಏದುಸಿರು, ಕಣ್ಣು ಮಂಜಾಗುವುದು. ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೇ ಓಡಬೇಕು. ಅದೇ ಕ್ಯಾನಿನಿಂದ ಕುಡಿದ ಉಳಿದವರನ್ನೂ, ಚೆನ್ನಾಗಿದ್ದೇನೆ ಅಂದರೂ ಬಿಡದೆ, ಜೊತೆಗೆ ಕರೆದುಕೊಂಡು ಹೋಗಿ.