ಕ್ವೇಕರ್ ಸಭೆಗಳಲ್ಲಿ ಮತಕ್ಕೆ ಹಾಕುವುದೇ ಇಲ್ಲವಂತೆ, ನಿಜವೇ? ಒಬ್ಬರು ಬೇಡ ಅಂದರೆ ಏನಾಗುತ್ತದೆ?

ನಿಜ. ಕ್ವೇಕರರು ಅಂದರೆ ಕ್ರೈಸ್ತ ಧರ್ಮದಲ್ಲಿ ಹುಟ್ಟಿದ ಒಂದು ಪಂಥದವರು. ಅವರ ಸಭೆಗಳಲ್ಲಿ ಕೈ ಎತ್ತಿಸುವುದೂ ಇಲ್ಲ. ನಾನು ಸದಸ್ಯನಲ್ಲ, ಆದರೆ ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಕ್ವೇಕರ್ ಮೀಟಿಂಗಿಗೆ ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ, ಅವರ ವ್ಯವಹಾರ ಸಭೆಯಲ್ಲೂ ಕೂತಿದ್ದೇನೆ.

ಸಭೆ ಶುರುವಾಗುವುದು ಮೌನದಿಂದ. ಪಾದ್ರಿ ಇಲ್ಲ (ಕೀನ್ಯಾದಲ್ಲಿ, ಅಮೆರಿಕದ ಹಲವು ಕಡೆ ಇರುತ್ತಾರೆ, ನಾನು ಹೇಳುತ್ತಿರುವುದು ಬ್ರಿಟನ್ನಿನ ಪದ್ಧತಿ). ಮೇಜಿನ ಹಿಂದೆ ಕ್ಲರ್ಕ್ ಇರುತ್ತಾರೆ. ಗುಮಾಸ್ತರಲ್ಲ, ಸಭೆ ನಡೆಸುವವರೇ ಅವರು. ಮಾತಾಡುವವರು ಎದ್ದು ನಿಂತು, ಕ್ಲರ್ಕ್ ಕರೆದ ಮೇಲೆ ಮಾತಾಡಿ ಕೂರುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ಕ್ಲರ್ಕ್ ತೀರ್ಮಾನವನ್ನು ಅಲ್ಲೇ ಬರೆದು ಓದುತ್ತಾರೆ. ಸರಿ ಅನಿಸಿದರೆ ಎಲ್ಲರೂ ‘ಹೋಪ್ ಸೋ’ (ಹಾಗೇ ಆಗಲಿ ಅಂತ ಆಶಿಸುತ್ತೇನೆ) ಅನ್ನುತ್ತಾರೆ, ಇಲ್ಲವಾದರೆ ಅಲ್ಲೇ ತಿದ್ದುತ್ತಾರೆ. ಹಾಗಾಗಿ ‘ನಾವು ಹಾಗೆ ಹೇಳಿರಲಿಲ್ಲ’ ಅನ್ನುವ ಜಗಳ ಮುಂದಿನ ತಿಂಗಳಿಗೆ ಉಳಿಯುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ನಮ್ಮಲ್ಲಿ ಒಮ್ಮೆ ಹಳೇ ಮರದ ಬೆಂಚುಗಳನ್ನು ತೆಗೆದು ಕುರ್ಚಿ ಹಾಕಿಸುವ ಮಾತು ಬಂತು. ಎಲ್ಲರೂ ಒಪ್ಪಿದರು, ಒಬ್ಬ ವಯಸ್ಸಾದವರು ಮಾತ್ರ ಬೇಡ ಅಂದರು. ಮತಕ್ಕೆ ಹಾಕಿದ್ದರೆ ಅವರು ಸೋತು ಮನೆಗೆ ಹೋಗುತ್ತಿದ್ದರು, ಅಲ್ವಾ? ಕ್ಲರ್ಕ್ ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿದರು, ಇಬ್ಬರು ಅವರ ಮನೆಗೆ ಹೋಗಿ ಮಾತಾಡಿದರು. ಮಂಡಿನೋವಿನಿಂದಾಗಿ ಅವರು ಮುಂದಿನ ಬೆಂಚಿನ ಬೆನ್ನು ಹಿಡಿದೇ ಮೇಲೇಳುತ್ತಿದ್ದರಂತೆ, ಕುರ್ಚಿಯಾದರೆ ಜಾರುತ್ತದೆ ಅನ್ನುವ ಭಯ. ಕೊನೆಗೆ ಕೈ ಇರುವ ಗಟ್ಟಿ ಕುರ್ಚಿಗಳು ಬಂದವು. ಅವರೂ ಒಪ್ಪಿದರು. ಹಾಗಂತ ಒಬ್ಬರ ಹಠಕ್ಕೆ ಎಲ್ಲವೂ ನಿಲ್ಲುತ್ತದೆ ಅಂತಲ್ಲ. ‘ನನಗೆ ಪೂರ್ತಿ ಸಮಾಧಾನವಿಲ್ಲ, ಆದರೆ ಅಡ್ಡ ಬರುವುದಿಲ್ಲ’ ಅಂತ ಪಕ್ಕಕ್ಕೆ ಸರಿಯುವವರೂ ಇದ್ದಾರೆ.

ಇದರಲ್ಲಿ ನನ್ನನ್ನು ಕಾಡುವ ಒಂದು ಸಂಗತಿಯೂ ಇದೆ. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನ ನಾಲ್ವರು ಗುಲಾಮಗಿರಿ ತಪ್ಪು ಅಂತ ಬರೆದುಕೊಟ್ಟರು. ಆ ಪತ್ರ ಕ್ವೇಕರರ ತಿಂಗಳ ಸಭೆಯಿಂದ ಮೂರು ತಿಂಗಳಿಗೊಮ್ಮೆ ಸೇರುವ ಸಭೆಗೆ, ಅಲ್ಲಿಂದ ವಾರ್ಷಿಕ ಸಭೆಗೆ ಹೋಗಿ ಬದಿಗೆ ಸರಿಯಿತು. ಫಿಲಡೆಲ್ಫಿಯಾದ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಕಟ್ಟುಮಾಡಿದ್ದು 1776ರಲ್ಲಿ. ಎಲ್ಲರೂ ಒಪ್ಪುವವರೆಗೆ ಕಾಯಬಹುದು, ಆದರೆ ಆ ಕಾಯುವಿಕೆಯ ನೋವು ಉಂಡವರು ಆ ಸಭೆಯಲ್ಲಿ ಕೂತೇ ಇರಲಿಲ್ಲ.

ಕ್ವೇಕರರ ಶಾಂತಿ ಕೆಲಸಕ್ಕೂ ಬುಡ ಈ ಅಭ್ಯಾಸವೇ ಅಂತ ನನ್ನ ನಂಬಿಕೆ. ಎದುರಿನವರ ಮಾತನ್ನು ಪೂರ್ತಿ ಕೇಳಿ ರೂಢಿಯಾದವರಿಗೆ ಯಾರನ್ನೂ ಸುಮ್ನೆ ಶತ್ರು ಅನ್ನೋಕೆ ಆಗಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಸೋತ ಜರ್ಮನಿಯ ಹಸಿದ ಮಕ್ಕಳಿಗೆ ಅಮೆರಿಕದ ಕ್ವೇಕರರು ಊಟ ಹಾಕಿದರು, ಒಂದು ಹಂತದಲ್ಲಿ ದಿನಕ್ಕೆ ಸುಮಾರು 10 ಲಕ್ಷ ಮಕ್ಕಳಿಗೆ. 1943ರ ಬಂಗಾಳದ ಬರದಲ್ಲೂ ಕ್ವೇಕರರು ಕಟ್ಟಿದ ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ ಎಂಬ ಸ್ವಯಂಸೇವಕರ ತಂಡ ದುಡಿಯಿತು. 1947ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಅವರ ಎರಡು ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜಿನೀವಾದಲ್ಲಿ ಕ್ವೇಕರರು ಇವತ್ತಿಗೂ ಬೇರೆ ಬೇರೆ ದೇಶಗಳ ರಾಜತಾಂತ್ರಿಕರನ್ನು ತಮ್ಮ ಮನೆಗೆ ಕರೆದು, ಹೇಳಿದ್ದು ಹೊರಗೆ ಹೋಗುವುದಿಲ್ಲ ಅನ್ನುವ ಭರವಸೆ ಕೊಟ್ಟು ಮಾತಾಡಿಸುತ್ತಾರೆ.

ನೀವು ಬ್ರಿಟನ್ನಿನಲ್ಲಿದ್ದರೆ ಒಮ್ಮೆ ನೋಡಿ. ಭಾನುವಾರದ ಮೌನ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು. ವ್ಯವಹಾರ ಸಭೆಗೆ ಮಾತ್ರ ಮೊದಲೇ ಕ್ಲರ್ಕ್ ಹತ್ತಿರ ಕೇಳಿಕೊಳ್ಳಿ.