ಶುಗರ್ ರಿಪೋರ್ಟ್ ಸರಿ ಇದ್ದರೂ ಇನ್ಸುಲಿನ್ ಪ್ರತಿರೋಧ ಇರಬಹುದಾ?

ಇರಬಹುದು. ಇನ್ಸುಲಿನ್ ಅಂದರೆ ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುವ ಹಾರ್ಮೋನು; ದೇಹ ಅದರ ಮಾತು ಸರಿಯಾಗಿ ಕೇಳದಿರುವುದೇ ಇನ್ಸುಲಿನ್ ಪ್ರತಿರೋಧ. ಇದನ್ನು ಉಡುಪಿಯ ನಮ್ಮ ಮನೆಯಲ್ಲೇ ನೋಡಿದ್ದೇನೆ. ಅಣ್ಣನ ಫಾಸ್ಟಿಂಗ್ ಶುಗರ್ 96, ನೂರರ ಒಳಗೇ. ಆದರೆ ಕುತ್ತಿಗೆಯ ಹಿಂದೆ ಚರ್ಮ ಕಪ್ಪಗೆ, ದಪ್ಪಗೆ ಆಗಿತ್ತು. ಅಮ್ಮ ಕೊಳೆ ಅಂತ ತೆಂಗಿನ ನಾರಿನಿಂದ ತಿಕ್ಕಿಸುತ್ತಿದ್ದರು. ಅದು ಕೊಳೆಯಲ್ಲ. ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು.

ಸ್ನಾಯು, ಲಿವರ್ ಇನ್ಸುಲಿನ್ ಮಾತು ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ಶುಗರ್ ಸರಿಯಾಗೇ ಕಾಣಬಹುದು. ಅಷ್ಟರಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಬಿಪಿ, ಲಿವರಿನ ಕೊಬ್ಬು ಏರುತ್ತಿರುತ್ತವೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಡಾಕ್ಟರಿಗೆ ತೋರಿಸಿ.

ಕುಚ್ಚಲಕ್ಕಿ ಅಂತ ಸುಮ್ನೆ ಎರಡು ಸೌಟು ಜಾಸ್ತಿ ಬಡಿಸಿಕೊಳ್ಳಬೇಡಿ, ಅದೂ ಅನ್ನವೇ ಅಲ್ವಾ! ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ.